ವಾಹನ ಸವಾರನ ಈರ್ಯಾಸಮಿತಿ

ಅಹಿಂಸೆಯ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಅಡುಗೆಮನೆ. ನೀರನ್ನು ಸೋಸಿ ಕುಡಿಯಬೇಕು, ಸೂರ್ಯಾಸ್ತಕ್ಕೆ ಮೊದಲು ಉಣ್ಣಬೇಕು, ಕಂದಮೂಲಗಳನ್ನು ವರ್ಜಿಸಬೇಕು ಎಂದು ಮಕ್ಕಳಿಗೆ ಬಾಲ್ಯದಿಂದಲೇ ಕಲಿಸುತ್ತೇವೆ. ಅದೇ ಮಗನು ಹದಿನೆಂಟು ತುಂಬಿ ಮೋಟಾರ್ ಸೈಕಲ್ಲಿನ ಕೀಲಿಕೈ ಹಿಡಿದಾಗ, ಆ ಯಂತ್ರವನ್ನು ನಡೆಸುವ ಬಗೆಯೂ ಧರ್ಮದ ಪ್ರಶ್ನೆಯೇ ಎಂದು ಹೇಳಿಕೊಡುವವರು ವಿರಳ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಅಪಘಾತಗಳಿಂದ ಮಡಿದರು. ಅವರಲ್ಲಿ ಸುಮಾರು ನೂರಕ್ಕೆ 44 ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಚಕ್ರಕ್ಕೆ ಸಿಕ್ಕಿ ಸತ್ತ ನಾಯಿ, ಹಾವು, ಅಳಿಲುಗಳ ಲೆಕ್ಕವನ್ನಂತೂ ಇಟ್ಟವರಿಲ್ಲ.

ಹಿಂಸೆ ಎಂದರೇನು? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪ್ರಾಣಹರಣವೊಂದನ್ನೇ ಹೇಳಿ ನಿಲ್ಲಿಸಲಿಲ್ಲ. ಪ್ರಮಾದದಿಂದ ನಡೆದ ಪ್ರಾಣಹರಣವೆಂದು ವಿಶೇಷಿಸಿದರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜೀವವು ಸಾಯಲಿ ಸಾಯದಿರಲಿ, ಪ್ರಮತ್ತನಾದವನಿಗೆ ಹಿಂಸೆಯ ದೋಷವು ತಪ್ಪದೆಂದರು. ಈ ದೃಷ್ಟಿಯಿಂದ ನೋಡಿದರೆ, ಮೈಮರೆತು ಗಾಡಿ ಓಡಿಸಿ ಕ್ಷೇಮವಾಗಿ ಮನೆ ಸೇರಿದವನೂ ನಿರ್ದೋಷಿಯಲ್ಲ. ಅವನನ್ನು ಉಳಿಸಿದ್ದು ಅವನ ಎಚ್ಚರವಲ್ಲ, ಆ ದಿನದ ಅದೃಷ್ಟ.

ಗುಡೂರಿನಿಂದ ಇಳಕಲ್ಲು, ಅಮೀನಗಡ, ಬಾದಾಮಿಗಳ ಕಡೆಗೆ ನಾನು ಅನೇಕ ವರ್ಷಗಳಿಂದ ಮೋಟಾರ್ ಸೈಕಲ್ಲಿನ ಮೇಲೆ ಓಡಾಡುತ್ತಿದ್ದೇನೆ. ಈ ಸೀಮೆಯ ರಸ್ತೆಗಳು ಸವಾರನಿಗೆ ದಿನಕ್ಕೊಂದು ಪರೀಕ್ಷೆ ಒಡ್ಡುತ್ತವೆ. ಒಂದು ಕಡೆ ಗ್ರಾನೈಟ್ ಕಲ್ಲು ಹೇರಿದ ಲಾರಿ. ಇನ್ನೊಂದು ಕಡೆ ಹಿಂದೆ ಕೆಂಪು ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಹಾಸಿದ ರಾಶಿ, ಅದಕ್ಕೆ ಕಾವಲಾಗಿ ಇಟ್ಟ ಕಲ್ಲುಗಳು. ಮೊದಲ ಮಳೆ ಬಿದ್ದಾಗ ಎರೆಹೊಲದಿಂದ ಗಾಲಿಗಳಿಗೆ ಅಂಟಿ ಬಂದ ಮಣ್ಣು ಡಾಂಬರನ್ನು ಬೆಣ್ಣೆಯಂತೆ ಜಾರಿಸುತ್ತದೆ. ಇವೆಲ್ಲವುಗಳ ನಡುವೆ ಕುರಿಯ ಹಿಂಡು.

ಒಂದು ಸಂಜೆ ತಂಗಿಯ ಮಗನನ್ನು ಹಿಂದೆ ಕೂಡಿಸಿಕೊಂಡು ಅಮೀನಗಡದ ಕಡೆಯಿಂದ ಬರುತ್ತಿದ್ದೆ. ಆಡೊಂದು ರಸ್ತೆ ದಾಟಿ ಆಚೆಯ ಬೇಲಿ ಸೇರಿತು. ನಾನು ಗಾಡಿ ನಿಲ್ಲಿಸಿದೆ. “ಮಾಮಾ, ಆಡು ದಾಟಿ ಹೋತಲ್ರಿ, ಯಾಕ ನಿಲ್ಲಿಸಿದ್ರಿ?” ಎಂದು ಹುಡುಗ ಕೇಳಿದ. “ಅದರ ಮರಿ ಇನ್ನೂ ದಾಟಿಲ್ಲಪಾ” ಎಂದೆ. ಮಾತು ಮುಗಿಯುವಷ್ಟರಲ್ಲಿ ಎರಡು ಮರಿಗಳು ಚಂಗನೆ ನೆಗೆದು ನಮ್ಮ ಮುಂದೆಯೇ ಹಾಯ್ದು ಹೋದವು. ಇದರಲ್ಲಿ ಯಾವ ಚಮತ್ಕಾರವೂ ಇಲ್ಲ. ಮರಿ ತಾಯಿಯನ್ನು ಹಿಂಬಾಲಿಸುತ್ತದೆ. ಉರುಳಿ ಬಂದ ಚೆಂಡಿನ ಹಿಂದೆ ಮಗು ಓಡಿ ಬರುತ್ತದೆ. ನಿಂತ ಬಸ್ಸಿನ ಮುಂಭಾಗದಿಂದ ಇಳಿದವರು ಹೊರಬೀಳುತ್ತಾರೆ. ಹಸಿ ಸಗಣಿ ಬಿದ್ದ ದಾರಿಯ ತಿರುವಿನಾಚೆ ದನಗಳಿರುತ್ತವೆ. ಕಂಡುದರಿಂದ ಕಾಣದುದನ್ನು ಊಹಿಸುವುದೇ ಸವಾರನ ಎಚ್ಚರ.

ನಮ್ಮ ಮುನಿಗಳು ನಡೆಯುವಾಗ ಪಾಲಿಸುವ ಈರ್ಯಾಸಮಿತಿಗೆ ಮೂಲಾಚಾರವು ನಾಲ್ಕು ಶುದ್ಧಿಗಳನ್ನು ಹೇಳಿದೆ: ಮಾರ್ಗ, ಉದ್ಯೋತ ಅಂದರೆ ಬೆಳಕು, ಉಪಯೋಗ ಅಂದರೆ ಮನಸ್ಸಿನ ಲಕ್ಷ್ಯ, ಮತ್ತು ಆಲಂಬನ ಅಂದರೆ ಪ್ರಯೋಜನ. ಗೃಹಸ್ಥನು ಮುನಿಯಂತೆ ನಡೆಯಲಾರನೆಂಬುದು ನಿಜ. ಆದರೆ ಈ ನಾಲ್ಕನ್ನು ಸವಾರನು ತನ್ನ ಅಳತೆಗೆ ತಕ್ಕಂತೆ ಆಚರಿಸಬಹುದು.

ಮುನಿಯು ನಾಲ್ಕು ಮೊಳ, ಎಂದರೆ ಸುಮಾರು ಆರು ಅಡಿ ಮುಂದೆ ನೋಡಿ ಹೆಜ್ಜೆಯಿಡುತ್ತಾನೆ. ಕಂಡ ಇರುವೆಯ ಮುಂದೆ ಪಾದವನ್ನು ತಡೆಯಲು ಆ ಅಂತರ ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿಯಾದರೋ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಸಾಗುತ್ತದೆ. ಕಣ್ಣು ಕಂಡದ್ದನ್ನು ಮನಸ್ಸು ಅರಿತು ಕೈ ಬ್ರೇಕು ಹಿಡಿಯಲು ಒಂದೂವರೆ ಸೆಕೆಂಡು ಹಿಡಿದರೆ, ಬ್ರೇಕು ಬೀಳುವ ಮೊದಲೇ 25 ಮೀಟರ್ ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಬಿದ್ದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಸವಾರನ ‘ನಾಲ್ಕು ಮೊಳ’ ಎಂಬುದು ಒಂದೇ ಅಳತೆಯಲ್ಲ. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗವೇ ಅವನ ಈರ್ಯಾಸಮಿತಿ. ರಾತ್ರಿಯಲ್ಲಿ ಆ ದೂರವು ಮುಂದೀಪದ ಬೆಳಕು ಮುಟ್ಟುವಷ್ಟೇ.

ಉಪಯೋಗಕ್ಕೆ ಶತ್ರುಗಳಾದ ಪ್ರಮಾದಗಳು ಹದಿನೈದು: ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ ಮತ್ತು ಪ್ರಣಯ. ಇವುಗಳನ್ನು ರಸ್ತೆಯ ಮೇಲೆ ಗುರುತಿಸುವುದು ಕಷ್ಟವಲ್ಲ. ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿದ ಮೊಬೈಲು ವಿಕಥೆ. ಹಿಂದಿಕ್ಕಿ ಹೋದವನನ್ನು ಬೆನ್ನಟ್ಟುವುದು ಕ್ರೋಧ. “ಹೆದ್ದಾರಿ ನನ್ನದು, ಅವನೇ ನಿಲ್ಲಲಿ” ಎಂಬುದು ಮಾನ. 1981ರಲ್ಲಿ ಅಮೆರಿಕದ ಹ್ಯಾರಿ ಹರ್ಟ್ ಎಂಬ ಸಂಶೋಧಕರು ಲಾಸ್ ಏಂಜಲಿಸ್ ಪ್ರದೇಶದ ಸುಮಾರು 900 ಮೋಟಾರ್ ಸೈಕಲ್ ಅಪಘಾತಗಳ ಅಧ್ಯಯನವನ್ನು ಪ್ರಕಟಿಸಿದರು. ಬೇರೆ ವಾಹನದೊಡನೆ ನಡೆದ ಡಿಕ್ಕಿಗಳ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು, ಆ ಬೇರೆ ವಾಹನವೇ ಸವಾರನಿಗೆ ಬಿಡಬೇಕಾದ ದಾರಿಯನ್ನು ಬಿಡದೆ ನುಗ್ಗಿದ್ದರಿಂದ ಆದವು. ತಪ್ಪು ಎದುರಿನವನದೇ ಇರಬಹುದು. ಪ್ರಾಣ ಮಾತ್ರ ನಮ್ಮದು, ಹಿಂದೆ ಕುಳಿತವರದು. ‘ಅವನು ನನ್ನನ್ನು ಕಂಡಿಲ್ಲ’ ಎಂದೇ ಭಾವಿಸಿ ನಡೆಸುವುದು ಅಂಜಿಕೆಯಲ್ಲ, ವಿವೇಕ.

ಒಂದು ಧರ್ಮಸಂಕಟವೂ ಇದೆ. ಅಳಿಲೊಂದು ಥಟ್ಟನೆ ಅಡ್ಡ ಬಂದರೆ ಮಾಡಬೇಕಾದುದೇನು? ಅದನ್ನು ಉಳಿಸಲು ಹ್ಯಾಂಡಲ್ ತಿರುವಿ ಎದುರಿನ ಲಾರಿಗೆ ಸಿಕ್ಕಿದರೆ ಹಿಂದೆ ಕುಳಿತ ಮಡದಿಮಕ್ಕಳ ಪ್ರಾಣ ಹೋಗುತ್ತದೆ. ನೇರವಾಗಿಯೇ ಸಾಗಿ, ಎರಡೂ ಬ್ರೇಕುಗಳನ್ನು ಹದವಾಗಿ ಒತ್ತುವುದೇ ಸರಿ. ಆದರೂ ಉಳಿದೊಂದು ಮಾತಿದೆ: ಆ ಅಳಿಲಿನ ಅಳಿವು ಉಳಿವು ಬಹಳ ಮಟ್ಟಿಗೆ ಆ ಕ್ಷಣದಲ್ಲಿ ನಿರ್ಧಾರವಾಗುವುದಿಲ್ಲ, ಅರ್ಧ ಮೈಲು ಹಿಂದೆ, ನಾವು ವೇಗವನ್ನು ಆರಿಸಿಕೊಂಡಾಗಲೇ ಆಗಿರುತ್ತದೆ. ಹಾಗೆಯೇ ಗುಂಡಿಯನ್ನು ದಿಟ್ಟಿಸಿದರೆ ಗಾಡಿ ಗುಂಡಿಗೇ ಹೋಗುತ್ತದೆ. ಸುರಕ್ಷಿತ ದಾರಿಯ ಕಡೆ ಕಣ್ಣಿಟ್ಟರೆ ಕೈಯೂ ಅತ್ತಲೇ ತಿರುಗುತ್ತದೆ.

ಇನ್ನು ಬಸದಿಗಳ ಆಡಳಿತ ಮಂಡಳಿಗಳಿಗೆ ಒಂದು ವಿನಂತಿ. ರವಿಕೀರ್ತಿಯು ಕ್ರಿ.ಶ. 634ರಲ್ಲಿ ಕಟ್ಟಿಸಿದ ಐಹೊಳೆಯ ಮೇಗುತಿ ಜಿನಾಲಯವನ್ನು ನೋಡಲು ತರುಣರು ಗಾಡಿಗಳಲ್ಲಿ ಗುಂಪಾಗಿ ಹೋಗುತ್ತಾರೆ. ಉತ್ಸವಗಳು ಮುಗಿದ ಮೇಲೆ ನಡುರಾತ್ರಿಯಲ್ಲಿ ತೂಕಡಿಸುತ್ತ ಮರಳುತ್ತಾರೆ. ಕಾರ್ಯಕ್ರಮವನ್ನು ಹೊತ್ತಿಗೆ ಮುಗಿಸುವುದು, ಇಲ್ಲವೇ ರಾತ್ರಿ ತಂಗಲು ಜಾಗ ಕೊಡುವುದು ಆಗಲಿ. ಮುನಿಸಂಘವು ಮುಂಜಾನೆ ಹೆದ್ದಾರಿಯಲ್ಲಿ ವಿಹರಿಸುವಾಗ, ದೂರದಿಂದಲೇ ಹೊಳೆಯುವ ಅಂಗಿ ತೊಟ್ಟ ಸ್ವಯಂಸೇವಕರು ಹಿಂದೆಯೂ ಮುಂದೆಯೂ ಇರಲಿ. ಹಿಂಬದಿ ಸವಾರರಿಗೂ ಶಿರಸ್ತ್ರಾಣವನ್ನು ಕರ್ನಾಟಕವು 2016ರಲ್ಲಿಯೇ ಕಡ್ಡಾಯಗೊಳಿಸಿದೆಯೆಂದು ನೆನಪಿಸಲಿ. ಗಾಯಾಳುವಿಗೆ ಸದ್ಭಾವನೆಯಿಂದ ನೆರವಾದವರಿಗೆ 2019ರ ತಿದ್ದುಪಡಿಯ ಮೂಲಕ ಕಾನೂನಿನ ರಕ್ಷಣೆ ದೊರೆತಿರುವುದನ್ನೂ ತಿಳಿಸಲಿ. ಪೊಲೀಸರ ಭಯದಿಂದ ಮುಖ ತಿರುಗಿಸಿ ಹೋಗುವವರು ಇನ್ನೂ ಇದ್ದಾರೆ.

ಸಾಮಾಯಿಕಕ್ಕೆ ಕುಳಿತಾಗ ಎರಡು ಗಳಿಗೆ ಚಿತ್ತವನ್ನು ಒಂದೆಡೆ ನಿಲ್ಲಿಸಲು ಹೆಣಗುತ್ತೇವೆ. ಗುಡೂರಿನಿಂದ ಇಳಕಲ್ಲಿನವರೆಗಿನ ದಾರಿಯಲ್ಲಿಯೂ ಅದೇ ಅಭ್ಯಾಸ ಬೇಕಾಗುತ್ತದೆ. ಅಲ್ಲಿ ಚಿತ್ತ ಚದುರಿದರೆ ಅದರ ಫಲವನ್ನು ಇನ್ನೊಂದು ಜೀವವೂ ಉಣ್ಣಬೇಕಾಗುತ್ತದೆ.