ತಂತಿಯನ್ನೂ ಬರೆಯಬೇಕು

ಬೀದಿಯಲ್ಲಿ ಕೂತು ಚಿತ್ರ ಬರೆಯುವವರಲ್ಲಿ ಬಹಳ ಮಂದಿ ಕರೆಂಟಿನ ತಂತಿಗಳನ್ನು ಬಿಟ್ಟುಬಿಡುತ್ತಾರೆ. ಚಿತ್ರ ಚೊಕ್ಕವಾಗಿ ಕಾಣಲಿ ಎಂಬ ಆಸೆ. ನನಗೆ ಆ ತಂತಿಗಳೇ ಬೇಕು. ಗಾಂಧಿಬಜಾರಿನ ಅಡ್ಡರಸ್ತೆಯಲ್ಲಿ ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲ್ಲು, ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಬಾಡಿದ ಬಾಳೆಎಲೆಯ ರಾಶಿ, ಮುಚ್ಚಿದ ಷಟರಿಗೆ ಒರಗಿಸಿದ ಸೈಕಲ್ಲು ಇವೆಲ್ಲ ಇಲ್ಲದ ಬಸವನಗುಡಿ ಬರೀ ಕ್ಯಾಲೆಂಡರಿನ ಬಸವನಗುಡಿ.

ಸಾಮಾನು ಹೆಚ್ಚೇನಿಲ್ಲ. ನೀರಿಗೆ ಕದಡದ ಕಪ್ಪು ಶಾಯಿಯ ಪೆನ್ನು, ಅಂಗೈಯಗಲದ ಬಣ್ಣದ ಡಬ್ಬಿ, ದಪ್ಪ ಕಾಗದದ ಪುಸ್ತಕ. ಬೆಳಗಿನ ಬಿಸಿಲು ಬೇಗ ಜಾಗ ಬದಲಿಸುತ್ತದೆ; ಹಾಗಾಗಿ ನೆರಳು ಎಲ್ಲಿ ಬಿದ್ದಿದೆ ಎಂದು ಮೊದಲೇ ಗುರುತು ಹಾಕಿಕೊಂಡು ಗೋಡೆ, ಕಿಟಕಿಗಳಿಗೆ ಆಮೇಲೆ ಬರುತ್ತೇನೆ. ಮಂಗಳೂರು ಹೆಂಚಿಗೆ ಒಂದೇ ಕೆಂಪು ಸಾಲದು. ಹಳೆಯದು ಪಾಚಿ ಹಿಡಿದು ಕಪ್ಪಾಗಿರುತ್ತದೆ, ರಿಪೇರಿಗೆಂದು ನಡುವೆ ಹೊದಿಸಿದ್ದು ಕಿತ್ತಳೆಗೆ ಹತ್ತಿರ. ಆ ವ್ಯತ್ಯಾಸ ಕೈಗೆ ಸಿಕ್ಕರೆ ಚಿತ್ರದ ಮನೆಗೆ ವಯಸ್ಸು ಬರುತ್ತದೆ. ಬಣ್ಣ ಒಣಗುವವರೆಗೆ ಸುಮ್ಮನೆ ನೋಡುವುದೇ ಕೆಲಸ. ಜಾಲಂಧ್ರದ ವಿನ್ಯಾಸ, ಗೇಟಿನ ಪಕ್ಕದ ಕಲ್ಲಿನಲ್ಲಿ ಕೆತ್ತಿದ ಮನೆಯ ಹೆಸರು ಕಣ್ಣಿಗೆ ಬೀಳುವುದು ಆಗಲೇ. ಈ ಸುಖ ಫೋನಿನಲ್ಲಿ ಫೋಟೊ ತೆಗೆದಾಗ ನನಗೆ ಸಿಕ್ಕಿಲ್ಲ.

ಜನ ಬಂದು ಇಣುಕುತ್ತಾರೆ. ಹೂವಿನ ಅಂಗಡಿಯಾಕೆ "ನನ್ ಕೊಡೇನೂ ಬರೀರಣ್ಣಾ, ತೇಪೆ ಸಮೇತ" ಎಂದರು. ತೇಪೆ ಸಮೇತವೇ ಬರೆದೆ.

ಸ್ಥಳದಲ್ಲೇ ಕೂತು, ಕಂಡದ್ದನ್ನು ಕಂಡಹಾಗೆ ಬರೆಯುವವರಿಗೆಂದು ಸಿಯಾಟಲ್‌ನ ಪತ್ರಕರ್ತ ಗೇಬ್ರಿಯಲ್ ಕಾಂಪನಾರಿಯೊ 2007ರಲ್ಲಿ 'ಅರ್ಬನ್ ಸ್ಕೆಚರ್ಸ್' ಬಳಗ ಕಟ್ಟಿದರು. ಬೆಂಗಳೂರಿನಲ್ಲೂ ಅಂಥ ಬಳಗವಿದೆ. ಆದರೆ ಈ ದಾರಿಯಲ್ಲಿ ನಮ್ಮೂರಿನ ಹಿರಿಯರು ರುಮಾಲೆ ಚೆನ್ನಬಸವಯ್ಯ (1910–1988). ಸ್ವಾತಂತ್ರ್ಯ ಹೋರಾಟಗಾರರಾಗಿದ್ದ, 'ತಾಯಿನಾಡು' ಪತ್ರಿಕೆಗೂ ದುಡಿದ ಅವರು ಬೆಂಗಳೂರಿನ ರಸ್ತೆಬದಿಯ ಹೂಮರಗಳನ್ನು ಮನದಣಿಯೆ ಬರೆದರು. ಆಗ ಅದು ವಸಂತದ ಸಂಭ್ರಮ. ಈಗ ಯಾವ ರಸ್ತೆಗೆ ಎಷ್ಟು ನೆರಳಿತ್ತು ಎಂಬುದಕ್ಕೆ ಸಾಕ್ಷಿ. ವ್ಯಂಗ್ಯಚಿತ್ರಕಾರ ಪಾಲ್ ಫರ್ನಾಂಡಿಸ್ ಅರವತ್ತು, ಎಪ್ಪತ್ತರ ದಶಕದ ಊರನ್ನು ನೆನಪಿನಿಂದ ಕರೆತಂದರು. ಅವರ ನಗುಮುಖದ ಬೀದಿಗಳು ನನಗೆ ತುಂಬ ಇಷ್ಟ. ಆದರೂ ಕಣ್ಣೆದುರಿಗೇ ಇರುವುದು ನೆನಪಾಗುವವರೆಗೆ ಕಾಯುವುದೇಕೆ? 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ಹೆಂಚಿನ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುತ್ತಿವೆ.

ಕೈ ಪಳಗಿಲ್ಲ ಎಂಬ ಅಳುಕು ಬೇಡ. ನಿಮ್ಮ ಬೀದಿಯ ಇಸ್ತ್ರಿ ಗಾಡಿಯಿಂದಲೇ ಶುರುಮಾಡಿ. ಪುಟದ ಮೂಲೆಯಲ್ಲಿ ತಾರೀಖು, ಹೊತ್ತು, ಅಡ್ಡರಸ್ತೆಯ ನಂಬರು ಬರೆದಿಡುವುದನ್ನು ಮಾತ್ರ ಮರೆಯಬೇಡಿ.