ಬೂಟು ಕಳಚುವ ಊರಿನಲ್ಲಿ

ಸಂಜೆ ಹೊತ್ತು ವಿಜಯಪುರದ ಗಾಂಧಿ ಚೌಕದ ಸುತ್ತಿನ ಪೇಟೆಯಲ್ಲಿ ಮುಖ ಬಿಟ್ಟು ಕಾಲಷ್ಟನ್ನೇ ನೋಡುತ್ತ ಹೋದರೆ ಒಂದು ಸಂಗತಿ ಹೊಳೆಯುತ್ತದೆ: ಇಲ್ಲಿ ಕಾಲ್ಮರಿ ಇರುವುದು ಮೆಟ್ಟುವುದಕ್ಕೆ ಎಷ್ಟೋ ಬಿಡುವುದಕ್ಕೂ ಅಷ್ಟೇ. ಸಿದ್ಧೇಶ್ವರನ ಗುಡಿಗೆ ಹೋದರೆ ಬಿಡಬೇಕು, ದರ್ಗಾದ ಮುಂದೆ ಬಿಡಬೇಕು, ಗಾದಿ ಹಾಸಿದ ಸೀರೆ ಅಂಗಡಿ ಏರುವಾಗ ಬಿಡಬೇಕು, ಬೀಗರ ಮನೆಯ ಹೊಸ್ತಿಲಲ್ಲಂತೂ ಕೇಳುವುದೇ ಬೇಡ. ಬೂಟು ಹುಟ್ಟಿದ ಚಳಿ ದೇಶಗಳಲ್ಲಿ ಬೆಳಿಗ್ಗೆ ಕಟ್ಟಿದ ಲೇಸನ್ನು ರಾತ್ರಿ ಬಿಚ್ಚಿದರಾಯಿತು. ನಮ್ಮಲ್ಲಿ ಒಂದು ಪೇಟೆ ಸುತ್ತಿ ಬರುವಷ್ಟರಲ್ಲಿ ನಾಲ್ಕು ಸಲ ಬಿಚ್ಚಿ ಕಟ್ಟಬೇಕು. ಆದ್ದರಿಂದ ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಬೂಟು ಕೊಳ್ಳಲು ಹೊರಟರೆ, ಕನ್ನಡಿಯಲ್ಲಿ ಅದು ಹೇಗೆ ಕಾಣುತ್ತದೆ ಎನ್ನುವುದಕ್ಕೂ ಮೊದಲು, ಗೋಡೆ ಹಿಡಿಯದೆ, ಒಂಟಿಗಾಲಲ್ಲಿ ಕುಣಿಯದೆ ಅದು ಕಾಲು ಬಿಟ್ಟು ಬರುತ್ತದೆಯೇ ಎಂದು ನೋಡಬೇಕು ಎನ್ನುವುದು ನನ್ನ ವಾದ. ಬಣ್ಣ, ಹೀಲು, ಬೆಲೆ ಆಮೇಲಿನ ಮಾತು.

ಇದು ಹಳೇ ಕಾಲದವರ ಹಟ ಎಂದು ನಗುವವರಿಗೆ ಬೂಟಿನ ಚರಿತ್ರೆಯೇ ಉತ್ತರ ಕೊಡುತ್ತದೆ. ಇಂದು ಚೆಲ್ಸಿ ಬೂಟು ಎಂದು ಮಾರುವ, ಎರಡೂ ಮಗ್ಗುಲಲ್ಲಿ ಎಲಾಸ್ಟಿಕ್ ಇರುವ ಗಿಡ್ಡ ಬೂಟನ್ನು ರೂಢಿಗೆ ತಂದವನು ವಿಕ್ಟೋರಿಯಾ ರಾಣಿಗೆ ಪಾದರಕ್ಷೆ ಮಾಡಿಕೊಡುತ್ತಿದ್ದ ಜೋಸೆಫ್ ಸ್ಪಾರ್ಕ್ಸ್ ಹಾಲ್. 1851ರಲ್ಲಿ ಅವನು ಅದಕ್ಕೆ ಪೇಟೆಂಟ್ ಪಡೆದ. ಗುಂಡಿ ಮತ್ತು ಲೇಸಿನ ಕಾಟವಿಲ್ಲದೆ ಸಲೀಸಾಗಿ ಹಾಕಿ ತೆಗೆಯಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ಅಂದರೆ ಅರಮನೆಯ ಹೆಣ್ಣುಮಗಳಿಗೂ ಬೇಕಾಗಿದ್ದದ್ದು ಕಳಚಲು ಬರುವ ಬೂಟೇ. ಈ ಕಡೆ ಕೊಲ್ಲಾಪುರಿ ಚಪ್ಪಲಿ ಆ ತೊಡಕನ್ನು ಯಾವತ್ತೋ ಬಿಡಿಸಿ ಕೂತಿತ್ತು. ಹೆಬ್ಬೆರಳು ಸಡಿಲಿಸಿದರೆ ಮುಗಿಯಿತು. ಹಾಗಾಗಿ ನಮಗೆ ಒಪ್ಪುವುದು ಕಣಕಾಲಿನ ಗಂಟಿನವರೆಗಿನ, ಎಲಾಸ್ಟಿಕ್ ಅಥವಾ ಪಕ್ಕದ ಜಿಪ್ಪಿನ ಬೂಟು. ಮೊಣಕಾಲು ಮುಟ್ಟುವ ಬೂಟು ಸಿನಿಮಾಕ್ಕೆ ಇರಲಿ.

ಬೂಟಿನ ಅಚ್ಚು ಮಾಡಿದವರ ಕಣ್ಣಿಗೆ ಕಾಲುಂಗುರ ಬಿದ್ದಂತಿಲ್ಲ. ಚೂಪು ಮೂತಿಯ ಬೂಟಿನಲ್ಲಿ ಬೆರಳುಗಳು ಒಂದರ ಮೇಲೊಂದು ಒತ್ತಿಕೊಂಡಾಗ ಬೆಳ್ಳಿಯ ಉಂಗುರ ಪಕ್ಕದ ಬೆರಳನ್ನು ಕೊರೆಯುತ್ತದೆ. ಕಾಲ್ಗೆಜ್ಜೆಯ ಕೊಂಡಿ ಜಿಪ್ಪಿಗೆ ಸಿಕ್ಕಿಕೊಂಡರೆ ಗುಡಿಯ ಮೆಟ್ಟಿಲ ಮೇಲೆ ಕೂತು ಬಿಡಿಸಿಕೊಳ್ಳುವ ಪ್ರಸಂಗ ಬೇರೆ. ಮದುವೆಯಾದವರು ಅಗಲ ಮೂತಿಯದನ್ನೇ ನೋಡಬೇಕು. ಅಂಗಡಿಯಲ್ಲಿ ಹಾಕಿ ನೋಡುವಾಗ ಉಂಗುರ, ಕಾಲುಚೀಲ ಎರಡೂ ಇರಬೇಕು, ಹೊತ್ತು ಸಂಜೆಯಾಗಿರಬೇಕು. ದಿನವಿಡೀ ಓಡಾಡಿದ ಪಾದ ಅಷ್ಟೊತ್ತಿಗೆ ಕೊಂಚ ಊದಿರುತ್ತದೆ. ಬೆಳಿಗ್ಗೆ ಹಿತವೆನಿಸಿದ್ದು ಸಂಜೆಗೆ ಬಿಗಿಯುತ್ತದೆ. ಉಡುಪಿನ ಹೊಂದಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೂಡಿದಾರದ ನೆರಿಗೆ ಬೂಟಿನ ಬಾಯಲ್ಲಿ ಗಂಟು ಕಟ್ಟುತ್ತದೆ, ನೇರ ಪ್ಯಾಂಟು ಕಟ್ಟುವುದಿಲ್ಲ. ಇಳಕಲ್ ಸೀರೆಯ ದಡಿಯ ಕೆಳಗೆ ಬೂಟು ಕಾಣುವುದೇ ಇಲ್ಲ. ಕಾಣದ ಚೆಂದಕ್ಕೆ ದುಡ್ಡು ಯಾಕೆ?

ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿಗೆ ಬೂಟೇ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಬೇಸಿಗೆಗೆ ಬೇಡವೇ ಬೇಡ. ಆದರೆ ಇಬ್ಬನಿ ಬೀಳುವ ಚಳಿಗಾಲದ ಬೆಳಗಿನಲ್ಲಿ ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಸ್ಕೂಟಿಯಲ್ಲಿ ಬರುವವಳ ಕಾಲಿಗೆ ಅದು ಶೋಕಿಯಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ ಮತ್ತು ನಮ್ಮ ವಿಜಯಪುರವೂ ಅದರಲ್ಲಿ ಸೇರಿದವು. 2025ರ ಜೂನ್‌ನಲ್ಲಿ ಮಿಲಾನಿನ ಫ್ಯಾಷನ್ ವೇದಿಕೆಯಲ್ಲಿ ಪ್ರಾಡಾ ಕಂಪನಿ ಅದೇ ಮಾಟದ ಚಪ್ಪಲಿ ತೋರಿಸಿ, ಮೂಲದ ಹೆಸರೆತ್ತದೆ ಟೀಕೆಗೆ ಗುರಿಯಾಯಿತು. ಜಗತ್ತು ನಮ್ಮ ಚಪ್ಪಲಿಗೆ ಕಣ್ಣು ಹಾಕಿರುವಾಗ ನಾವು ಅವರ ಬೂಟಿಗೆ ಜೋತುಬೀಳುವುದೇ? ಜೋತುಬೀಳುವುದು ಬೇಡ, ನಿಜ. ಆದರೆ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಆ ತೊಗಲಿನ ಅಟ್ಟೆಗೆ ನೀರು ಆಗಿಬರುವುದಿಲ್ಲ. ಡೋಣಿ ಸೀಮೆಯ ಎರೆಮಣ್ಣು ನೆನೆದರೆ ಚಪ್ಪಲಿಯನ್ನು ಹಿಡಿದುಕೊಂಡು ಬರಿಗಾಲನ್ನು ಮುಂದಕ್ಕೆ ಕಳಿಸುತ್ತದೆ. ಅಲ್ಲಿ ರಬ್ಬರ್ ಅಟ್ಟೆಯ ಬೂಟು ಕೆಲಸಕ್ಕೆ ಬರುತ್ತದೆ. ಚಪ್ಪಲಿ ಮಾಡುವವರ ಅನ್ನಕ್ಕೆ ಕುತ್ತು ತರುವುದು ಆ ಬೂಟಲ್ಲ, ಅದೇ ಪೇಟೆಯಲ್ಲಿ ಕೊಲ್ಲಾಪುರಿ ಎಂದೇ ಹೇಳಿ ಮಾರುವ ರೆಕ್ಸಿನ್ ಚಪ್ಪಲಿ.

ರೆಕ್ಸಿನ್ ಮಾತು ಬಂದದ್ದಕ್ಕೆ ಹೇಳುತ್ತೇನೆ: ಪಾಲಿಯುರೇಥೇನ್ ಎಂಬ ಕೃತಕ ತೊಗಲಿನ ಬೂಟನ್ನು ಮದುವೆ ಮುಂಜಿಗೆಂದು ಟ್ರಂಕಿನಲ್ಲಿಟ್ಟು ಕಾಪಾಡುವುದು ಕೆಟ್ಟ ಲೆಕ್ಕ. ಗಾಳಿಯ ತೇವ ಅದನ್ನು ಒಳಗಿಂದಲೇ ಸಡಿಲಿಸುತ್ತ ಬರುತ್ತದೆ. ತೊಡದಿದ್ದರೂ ಒಂದು ದಿನ ಸಿಪ್ಪೆ ಸುಲಿದಂತೆ ಸುಲಿಯುತ್ತದೆ. ತೊಗಲಿನದು ಹಾಗಲ್ಲ, ಬಳಸಿದಷ್ಟೂ ಪಳಗುತ್ತದೆ. ಆದರೆ ಅದಕ್ಕೆ ವಿಶ್ರಾಂತಿ ಬೇಕು: ಇವತ್ತು ಹಾಕಿದ್ದನ್ನು ನಾಳೆ ಬಿಟ್ಟು ನಾಡಿದ್ದು ಹಾಕಿದರೆ ಒಳಗಿನ ಬೆವರು ಆರುತ್ತದೆ. ನೆನೆದದ್ದನ್ನು ಮಾಳಿಗೆಯ ಬಿಸಿಲಿಗಿಟ್ಟರೆ ತೊಗಲು ಬಿರಿಯುತ್ತದೆ. ಹಳೇ ಪತ್ರಿಕೆ ತುರುಕಿ ನೆರಳಲ್ಲಿಡಬೇಕು. ಎರೆಮಣ್ಣು ಮೆತ್ತಿದ್ದರೆ ಹಸಿಯಿದ್ದಾಗ ಒರೆಸಬಾರದು, ಒಣಗಿಸಿ ಬ್ರಶ್ಶಿನಿಂದ ಉದುರಿಸಬೇಕು, ಆಮೇಲೆ ಪಾಲಿಶ್. ಕೆಟ್ಟ ಜಿಪ್ಪನ್ನು ರಸ್ತೆ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುವವರು ಬದಲಿಸಿಕೊಡುತ್ತಾರೆ. ಅದಕ್ಕಾಗಿ ಬೂಟು ಎಸೆಯಬೇಕಿಲ್ಲ. ಉಳಿದದ್ದು ಕಾಲುಚೀಲ. ಬೂಟು ತೊಟ್ಟಿರುವಷ್ಟು ಹೊತ್ತು ಅದು ಯಾರಿಗೂ ಕಾಣುವುದಿಲ್ಲ. ಬೀಗರ ಹೊಸ್ತಿಲಲ್ಲಿ ಜಿಪ್ಪು ಇಳಿಸಿದ ಕ್ಷಣಕ್ಕೆ ಹೆಬ್ಬೆರಳ ತೂತು ಸಮೇತ ಎಲ್ಲರಿಗೂ ಕಾಣುತ್ತದೆ.