ಶಿರಾದ ಕಲ್ಲಿನ ಮುಂದೆ ಡ್ರಾಯಿಂಗ್ ಪುಸ್ತಕ

ಬೆಂಗಳೂರಿನಿಂದ ಪುಣೆ ರಸ್ತೆ ಹಿಡಿದು ಬರುವವರು ಈಗ ಶಿರಾ ಊರೊಳಕ್ಕೆ ಕಾಲಿಡುವುದೇ ಇಲ್ಲ. ತುಮಕೂರು ದಾಟಿ, ಸೀಬಿ ನರಸಿಂಹಸ್ವಾಮಿಗೆ ಕೂತಲ್ಲಿಂದಲೇ ಕೈಮುಗಿದು, ಹಿರಿಯೂರಿನ ಕಡೆಗೆ ಹೊರಟುಹೋಗುತ್ತಾರೆ. ಬಸ್ಸುಗಳೆಲ್ಲ ಊರ ನಡುವೆಯೇ ಹಾದುಹೋಗುತ್ತಿದ್ದ ಕಾಲದಲ್ಲಿ ನಾನು ಇಲ್ಲಿನ ಹೈಸ್ಕೂಲಿಗೆ ಡ್ರಾಯಿಂಗ್ ಮೇಷ್ಟ್ರಾಗಿ ಬಂದೆ. ನಿವೃತ್ತಿಯವರೆಗೂ ಇಲ್ಲೇ ಉಳಿದೆ, ಈಗಲೂ ಇಲ್ಲೇ ಇದ್ದೇನೆ. ಈ ಊರಿನ ಹಳೇ ಕಟ್ಟಡಗಳು ಹೇಗಿದ್ದವು, ಹೇಗಾದವು ಎಂಬುದನ್ನು ಕಣ್ಣಾರೆ ಕಂಡವನು ನಾನು. ಹಾಗಾಗಿ ಅದನ್ನು ಬರೆದಿಡುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ.

ನಾನು ಕಲಿತದ್ದು ಮೈಸೂರಿನಲ್ಲಿ. ಹಳೇ ಮೈಸೂರು ಸೀಮೆಯ ಎಷ್ಟೋ ಡ್ರಾಯಿಂಗ್ ಮೇಷ್ಟ್ರುಗಳು ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ನೆರಳಿನಲ್ಲಿ ಬೆಳೆದವರು. ಅದರ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಹಾಕಿದವನು ಆಗ ವೇಲ್ಸ್ ರಾಜಕುಮಾರನಾಗಿದ್ದ ಐದನೇ ಜಾರ್ಜ್. ಸಂಸ್ಥೆಯ ಕಲಾ ಪರಂಪರೆ ಮುಂದೆ ಕಾವಾ ಎಂದು ಹೆಸರಾದ ಕಾಲೇಜಾಗಿ ಸಿದ್ಧಾರ್ಥನಗರದಲ್ಲಿ ನೆಲೆಯೂರಿತು. ಅಲ್ಲಿ ನಮ್ಮ ಗುರುಗಳು ಮೊದಲು ಕಲಿಸುತ್ತಿದ್ದದ್ದು ಬಣ್ಣ ಹಚ್ಚುವುದನ್ನಲ್ಲ, ಕಟ್ಟಡ ನೋಡುವುದನ್ನು. ಕಮಾನಿನ ಎತ್ತರಕ್ಕೆ ಅಗಲ ಎಷ್ಟು, ಕಂಬದ ನೆರಳು ಎಲ್ಲಿ ಮುರಿಯುತ್ತದೆ, ಕಲ್ಲಿಗೂ ಕಲ್ಲಿಗೂ ಸಂದು ಎಲ್ಲಿ ಕೂಡಿದೆ, ಇದನ್ನೆಲ್ಲ ನೋಡಿ, ಅಳೆದು, ಆಮೇಲೆ ಪೆನ್ಸಿಲ್ ಹಿಡಿಯಬೇಕಿತ್ತು. ಆ ಪಾಠವನ್ನು ಹೊತ್ತುಕೊಂಡೇ ನಾನು ಶಿರಾಕ್ಕೆ ಬಂದೆ.

ಬಂದ ಮೇಲೆ ತಿಳಿಯಿತು, ಪಾಠಕ್ಕೆ ಬೇಕಾದದ್ದೆಲ್ಲ ಊರಿನಲ್ಲೇ ಇದೆ ಎಂದು. ಕೋಟೆಯನ್ನು ಕಟ್ಟಲು ಶುರುಮಾಡಿದವನು ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕ. ಅದು ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ಸರದಾರ ರಣದುಲ್ಲಾ ಖಾನ್ ಊರನ್ನು ಗೆದ್ದುಕೊಂಡ. 1687ರಲ್ಲಿ ಮೊಗಲರು ಬಂದರು. ಶಿರಾ ಒಂದು ಸುಬಾದ ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳು, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರಗಳೆಲ್ಲ ಇಲ್ಲಿಂದಲೇ ಆಳಿಸಿಕೊಂಡವು. ಮೊಗಲರ ಸುಬೇದಾರ ದಿಲಾವರ್ ಖಾನನ ಕಾಲದಲ್ಲಿ ಊರಿನಲ್ಲಿ 50,000 ಮನೆಗಳಿದ್ದವು ಎಂದು ಹಳೇ ಗೆಜೆಟಿಯರ್ ಹೇಳುತ್ತದೆ. 1761ರಲ್ಲಿ ಹೈದರಾಲಿ, 1766ರಲ್ಲಿ ಮರಾಠರು, 1774ರಲ್ಲಿ ಟಿಪ್ಪು, ಹೀಗೆ ಹದಿಮೂರು ವರ್ಷದೊಳಗೆ ಊರು ಮೂರು ಸಲ ಕೈ ಬದಲಾಯಿಸಿತು. ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಲು ಇಲ್ಲಿಂದ 12,000 ಕುಟುಂಬಗಳನ್ನು ಒಯ್ದರೆಂದು ಅದೇ ಗೆಜೆಟಿಯರ್ ದಾಖಲಿಸಿದೆ. ಅಷ್ಟು ಜನ ಎದ್ದುಹೋದ ಮೇಲೆ ಉಳಿದ ಊರು ನಾವು ನೋಡುತ್ತಿರುವ ಶಿರಾ.

ನಾನು ಬಂದ ಹೊಸದರಲ್ಲಿ ಕೋಟೆ ಕಂದಕದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ಗೋಡೆಯ ಮೇಲೆ ಕಂಬಳಿ ಒಣಹಾಕುತ್ತಿದ್ದರು. ನಮ್ಮದು ಕುರಿ ಸಾಕುವ ಸೀಮೆ. ಕೇರಿಗಳಲ್ಲಿ ಗುಂಡಿಮಗ್ಗದ ಸದ್ದು ಬೆಳಗಿನಿಂದಲೇ ಕೇಳುತ್ತಿತ್ತು. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿದ ಸರಿಯನ್ನು ನೂಲಿಗೆ ಬಳಿಯುತ್ತಿದ್ದರು. ಸರಿ ಕುಡಿದ ನೂಲಿನ ಕಂಬಳಿಯ ಮೇಲೆ ಮಳೆ ಬಿದ್ದರೆ ನೀರು ಒಳಗಿಳಿಯದೆ ಜಾರಿಹೋಗುತ್ತಿತ್ತು. ಒಂದು ಕಾಲಕ್ಕೆ ಇದೇ ಊರಿನಲ್ಲಿ ಛೀಟಿನ ಬಟ್ಟೆಯೂ ಆಗುತ್ತಿತ್ತು. ಅದು ನಾನು ಬರುವ ಎಷ್ಟೋ ಮೊದಲೇ ನಿಂತುಹೋಗಿತ್ತು. ಕಂಬಳಿ ಮಗ್ಗಗಳು ಒಂದೊಂದಾಗಿ ಸುಮ್ಮನಾದದ್ದನ್ನು ಮಾತ್ರ ನಾನೇ ನೋಡಿದೆ.

ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗೆ ಕಟ್ಟಿದ ಮಕ್ಕಳನ್ನು ಕರೆದುಕೊಂಡು ಜುಮ್ಮಾ ಮಸೀದಿಗೆ ಹೋಗುತ್ತಿದ್ದೆ. 1696ರಲ್ಲಿ ಕೆತ್ತಿದ ಕಲ್ಲಿನಿಂದ ಕಟ್ಟಿದ ಮಸೀದಿ ಅದು. ನಮಾಜಿನ ಹೊತ್ತು ಬಿಟ್ಟು, ಹಿರಿಯರನ್ನು ಕೇಳಿಕೊಂಡು ಕೂರುತ್ತಿದ್ದೆವು. ಒಮ್ಮೆಯಾದರೂ ಬೇಡವೆಂದವರಿಲ್ಲ. "ಮಕ್ಕಳು ನೆರಳಿಗೆ ಬರಲಿ ಮೇಷ್ಟ್ರೇ, ಬಿಸಿಲು ಜಾಸ್ತಿ" ಎಂದು ಅವರೇ ಕರೆಯುತ್ತಿದ್ದರು. ಮಕ್ಕಳು ಕೈ ಚಾಚಿ, ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ ಕಮಾನನ್ನು ಅಳೆಯುತ್ತಿದ್ದರು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ಗೋಡೆಯೇನೋ ನೆಟ್ಟಗೇ ಇರುತ್ತಿತ್ತು. ವಾಲುತ್ತಿದ್ದದ್ದು ಅವರು ಹಾಕಿದ ಗೆರೆ. ಅಳಿಸಿ ಮತ್ತೆ ಹಾಕುತ್ತಿದ್ದರು.

ಅಲ್ಲಿಂದ ಮುಂದೆ ಮಲಿಕ್ ರಿಹಾನ್ ದರ್ಗಾ. ಬಿಜಾಪುರದವರ ಪರವಾಗಿ ಶಿರಾ ಆಳಿದವನ ಗೋರಿ, 1651ರದ್ದು. ಮಹಮದ್ ಆದಿಲ್ ಶಾ ತೀರಿಕೊಂಡದ್ದು 1656ರಲ್ಲಿ. ಎಂದರೆ ಬಿಜಾಪುರದಲ್ಲಿ ಗೋಳಗುಮ್ಮಟದ ಒಡೆಯ ಇನ್ನೂ ಬದುಕಿರುವಾಗಲೇ ಶಿರಾದಲ್ಲಿ ಈ ಗುಮ್ಮಟ ಎದ್ದು ನಿಂತಿತ್ತು. ಗಾತ್ರದಲ್ಲಿ ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಆದರೆ ಇಲ್ಲಿನ ಗುಮ್ಮಟದ ಬುಡವನ್ನು ಹತ್ತಿರದಿಂದ ನೋಡಬೇಕು. ಸುತ್ತಲೂ ಎಸಳುಗಳು ಮೇಲ್ಮುಖವಾಗಿ ಬಿರಿದಿವೆ, ನಡುವೆ ಗುಮ್ಮಟ ಅರಳದ ತಾವರೆ ಮೊಗ್ಗಿನಂತೆ ಕೂತಿದೆ. ಬೆಳಗಿನ ಎಂಟರ ಬಿಸಿಲಿನಲ್ಲಿ ಒಂದೊಂದು ಎಸಳಿಗೂ ಬೇರೆ ಬೇರೆ ನೆರಳು ಬೀಳುತ್ತದೆ, ಹನ್ನೊಂದಕ್ಕೆ ಎಲ್ಲ ಒಂದಾಗಿಬಿಡುತ್ತದೆ. ಆ ಮೂರು ಗಂಟೆಯೊಳಗೆ ಚಿತ್ರ ಮುಗಿಸಬೇಕು. ನೆರಳು ಎಂದರೇನು ಎಂಬುದನ್ನು ನಾನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದರೂ ಹತ್ತದ್ದು ಇಲ್ಲಿ ಒಂದು ಬೆಳಗಿನಲ್ಲಿ ಮಕ್ಕಳಿಗೆ ಹತ್ತುತ್ತಿತ್ತು.

ದರ್ಗಾ ಬಿಜಾಪುರದವರ ಕಾಲದ್ದು, ಮಸೀದಿ ಮೊಗಲರ ಕಾಲದ್ದು. ನಡುವೆ 45 ವರ್ಷ. ಎರಡನ್ನೂ ಬಿಡಿಸಿದ ಮಕ್ಕಳು ಕಲ್ಲಿನ ಕೆಲಸದ ಹದ ಒಂದೇ ಥರ ಇದೆಯಲ್ಲ ಸರ್ ಎನ್ನುತ್ತಿದ್ದರು. ಸರ್ಕಾರ ಬದಲಾದರೂ ಉಳಿ ಹಿಡಿದ ಕೈಗಳು ಇದೇ ಸೀಮೆಯವು ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಈ ಎರಡೂ ಕಟ್ಟಡಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕಾಯ್ದೆಯನ್ನು ಉಲ್ಲೇಖಿಸುವ ನೀಲಿ ಫಲಕವನ್ನು ನೀವು ನೋಡಿರುತ್ತೀರಿ. 2010ರ ತಿದ್ದುಪಡಿಯ ನಂತರ ಇಂಥ ಕಟ್ಟಡದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಮನೆ ವಿಸ್ತರಿಸಬೇಕೆಂದಿರುವ ಬಡವನಿಗೆ ಇದು ಕಷ್ಟವೇ. ಆದರೆ ಪೇಟೆ ಬೆಳೆದ ರಭಸ ನೋಡಿದವನಾಗಿ ಹೇಳುತ್ತೇನೆ: ಈ ಕಾನೂನು ಇಲ್ಲದಿದ್ದರೆ ಗುಮ್ಮಟ ಇವತ್ತು ಅಂಗಡಿ ಸಾಲುಗಳ ಹಿಂದೆ ಮರೆಯಾಗಿರುತ್ತಿತ್ತು.

ದಿಲಾವರ್ ಖಾನನ ಅರಮನೆಗೆ ಈ ಭಾಗ್ಯ ಬರಲಿಲ್ಲ. ಬೆಂಗಳೂರಿನ ಟಿಪ್ಪು ಅರಮನೆಗೂ ಶ್ರೀರಂಗಪಟ್ಟಣದ ಅರಮನೆಗೂ ಅದೇ ಮಾದರಿಯಾಗಿತ್ತು, ಇಲ್ಲಿನ ಖಾನ್ ಬಾಗ್ ತೋಟ ನೋಡಿಯೇ ಹೈದರಾಲಿಗೆ ಲಾಲ್‌ಬಾಗಿನ ಯೋಚನೆ ಹೊಳೆದಿರಬೇಕು ಎಂದು ಹಿಂದಿನವರು ಬರೆದಿಟ್ಟಿದ್ದಾರೆ. 1791ರಲ್ಲಿ ಮುಗಿದ ಬೆಂಗಳೂರಿನ ಅರಮನೆ ಇವತ್ತೂ ನಿಂತಿದೆ, ಟಿಕೆಟ್ ಕೊಂಡು ಜನ ನೋಡುತ್ತಾರೆ. ಅದಕ್ಕೆ ಮಾದರಿಯಾದದ್ದು ಮೂಲ ಊರಿನಲ್ಲಿ ಇಲ್ಲ. ಮಸೀದಿಯಲ್ಲಿ ದೀಪ ಆರಲಿಲ್ಲ, ದರ್ಗಾಕ್ಕೆ ಹೋಗುವವರು ನಿಲ್ಲಲಿಲ್ಲ, ಅವು ಉಳಿದವು. ಅರಮನೆಗೆ ಹೋಗುವವರು ಇಲ್ಲವಾದರು, ಅದು ಹಾಳುಬಿದ್ದು ಕರಗಿತು. ಇಷ್ಟು ವರ್ಷ ನೋಡಿ ನಾನು ಕಂಡುಕೊಂಡ ಸತ್ಯ ಇದು: ಜನ ಬಳಸಿದ್ದು ಉಳಿಯುತ್ತದೆ. ಕಾನೂನು ಬಂದದ್ದು ಆಮೇಲೆ.

ಈಚೆಗೆ ನನ್ನ ಹಳೇ ವಿದ್ಯಾರ್ಥಿಯೊಬ್ಬ ತನ್ನ ಕಲಾ ಕಾಲೇಜಿನ ಹುಡುಗ ಹುಡುಗಿಯರನ್ನು ಕರೆದುಕೊಂಡು ಬಂದಿದ್ದ. ಈಗ ಅವನೂ ಮೇಷ್ಟ್ರು. "ಸರ್, ನೀವೇ ಮುಂದೆ ನಡೀರಿ, ನಾವು ಹಿಂದೆ ಬರ್ತೀವಿ" ಎಂದ. ಕೋಟೆ, ಮಸೀದಿ, ದರ್ಗಾ, ಕೆರೆ ಏರಿ, ಎಲ್ಲ ನಡೆದೇ ನೋಡಿದೆವು. ಹೇಮಾವತಿ ನೀರು ಬಂದ ಮೇಲೆ ಕೆರೆಗೆ ಜೀವ ಬಂದಿದೆ. ಬರಗಾಲದಲ್ಲಿ ಇದೇ ಕೆರೆಯಂಗಳದ ಬಿರುಕುಗಳನ್ನು ನನ್ನ ಹುಡುಗರು ಚಿತ್ರ ಬರೆದದ್ದುಂಟು.

ಬಂದವರಲ್ಲಿ ಒಬ್ಬ ಹುಡುಗಿ ಗೋಡೆಯ ಸಂದಿನ ಮುಂದೆ ನಿಂತು, ಹಳೇ ಕಟ್ಟಡವನ್ನು ಸಿಮೆಂಟ್ ಹಾಕಿ ಗಟ್ಟಿ ಮಾಡಿದರೆ ಏನು ತಪ್ಪು ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅವಳಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. ಹಳೇ ಗಾರೆ ಎಂದರೆ ಸುಟ್ಟು ನೆನೆಸಿದ ಸುಣ್ಣ ಮತ್ತು ಮರಳನ್ನು ಚೆನ್ನಾಗಿ ಅರೆದದ್ದು. ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸುವ ರೂಢಿಯಿತ್ತು. ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಕಟ್ಟಡ ಚೂರು ಅಲುಗಿದರೂ ತಾಳಿಕೊಳ್ಳುತ್ತದೆ, ಗೋಡೆಗೆ ಇಳಿದ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟ್ ಆ ತೇವವನ್ನು ಒಳಗೇ ಕೂಡಿಹಾಕುತ್ತದೆ. ನೀರಿನ ಜೊತೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಹಳೇ ಇಟ್ಟಿಗೆ, ಗಾರೆ, ಕಲ್ಲಿನ ಮೈಯನ್ನು ಪುಡಿ ಮಾಡುತ್ತದೆ. ನೋಡಲು ಹೊಸದರಂತೆ ಕಂಡ ರಿಪೇರಿ ಒಳಗಿನಿಂದ ಕಟ್ಟಡವನ್ನು ತಿನ್ನುತ್ತಿರುತ್ತದೆ. ಹಾಗಾಗಿ ಹಳೇ ಕಟ್ಟಡಕ್ಕೆ ಹಳೇ ಗಾರೆಯೇ ಬೇಕು, ಅದನ್ನು ಹದ ಮಾಡಬಲ್ಲ ಕೈ ಬೇಕು. ನಮ್ಮ ಹಳ್ಳಿಗಳಲ್ಲಿ ಗುಡಿಗೋಪುರ, ಅರಳಿಕಟ್ಟೆ, ಕಲ್ಯಾಣಿಗಳಿಗೆಲ್ಲ ಭಕ್ತಿಯಿಂದಲೇ ಸಿಮೆಂಟು, ಆಯಿಲ್ ಪೇಂಟು ಬಳಿಯುವವರು ಇದನ್ನು ತಿಳಿಯಬೇಕು.

ಆ ಹುಡುಗಿ ಇದನ್ನೆಲ್ಲ ಬರೆದುಕೊಂಡಳು. ಆಮೇಲೆ ನೆಲದ ಮೇಲೆ ಕೂತು ದರ್ಗಾದ ಗುಮ್ಮಟದ ಒಂದೇ ಒಂದು ಎಸಳನ್ನು ಅರ್ಧ ಗಂಟೆ ಬಿಡಿಸಿದಳು. ಫೋನಿನಲ್ಲಿ ಫೋಟೊ ತೆಗೆದವರಿಗೆ ಕಾಣದ ಒಂದು ಸಣ್ಣ ಚಕ್ಕೆ ಅವಳ ಕಣ್ಣಿಗೆ ಬಿತ್ತು. ಎಸಳಿನ ತುದಿಯಲ್ಲಿ ಬೆರಳಗಲ ಒಡೆದಿತ್ತು. ಅವಳ ಹಾಳೆಯಲ್ಲಿ ಅದೂ ಇದೆ, ಪಕ್ಕದಲ್ಲಿ ತಾರೀಖೂ ಇದೆ. ಮುಂದಿನ ವರ್ಷ ಬಂದವರು ಆ ಒಡಕು ಬೆಳೆದಿದೆಯೇ ಎಂದು ಅದನ್ನು ನೋಡಿ ಹೇಳಬಹುದು.

ಕಟ್ಟಡ ಉಳಿಸುವ ಕೆಲಸಕ್ಕೆ ಡ್ರಾಯಿಂಗ್ ಕ್ಲಾಸು ಯಾಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಆ ಹಾಳೆ. ಈಗ ಸ್ಕೂಲುಗಳಲ್ಲಿ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದರೆ ಆ ಜಾಗ ತುಂಬದೆ ಉಳಿದದ್ದನ್ನು ಬಹಳ ಕಡೆ ನೋಡಿದ್ದೇನೆ. ಡ್ರಾಯಿಂಗ್ ಪೀರಿಯಡ್ಡು ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ. ಮಕ್ಕಳು ತಮ್ಮ ಊರಿನ ಒಂದು ಕಮಾನನ್ನೂ ಅಳೆಯದೆ ಎಸ್ಸೆಸ್ಸೆಲ್ಸಿ ಮುಗಿಸುತ್ತಾರೆ. ಅಂಥವರು ನಾಳೆ ಕೌನ್ಸಿಲರ್ ಆದಾಗ, ಕಂಟ್ರಾಕ್ಟರ್ ಆದಾಗ, ಹಳೇ ಗೋಡೆ ಅವರ ಕಣ್ಣಿಗೆ ಬರೀ ಕಲ್ಲಾಗಿ ಕಂಡರೆ ತಪ್ಪು ಅವರದಲ್ಲ, ಕಲಿಸದ ನಮ್ಮದು.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಹೆಡ್‌ಮಾಸ್ಟರುಗಳಲ್ಲಿ ನನ್ನ ಬೇಡಿಕೆ ಒಂದೇ. ಮಧುಗಿರಿಯವರಿಗೆ ಬೆಟ್ಟದ ಕೋಟೆಯಿದೆ, ಪಾವಗಡದವರಿಗೂ ಕೋಟೆಯಿದೆ, ನಮಗೆ ಮಸೀದಿ, ದರ್ಗಾ ಇವೆ. ವರ್ಷಕ್ಕೊಂದು ಶನಿವಾರ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಡ್ರಾಯಿಂಗ್ ಪುಸ್ತಕದ ಸಮೇತ ಅಲ್ಲಿಗೆ ಕಳಿಸಿ. ಬಿಡಿಸಿದ ಚಿತ್ರಕ್ಕೆ ತಾರೀಖು ಹಾಕಿಸಿ, ಸ್ಕೂಲಿನ ಬೀರುವಿನಲ್ಲಿ ಇಡಿ. ಮೇಷ್ಟ್ರಿಲ್ಲದ ಸ್ಕೂಲಿದ್ದರೆ ಹೇಳಿಕಳಿಸಿ, ನಾನೇ ಬರುತ್ತೇನೆ.